ಕೂಗುವ ಲಾವಕ್ಕಿ

ಹಕ್ಕಿಯ ಮೈ ಇನ್ನೂ ಬೆಚ್ಚಗಿತ್ತು. ಮುದುಕ ಒಬಿಯೆರೊ ಅದನ್ನು ಎಡಗೈಯಲ್ಲಿ ಮಲಗಿಸಿಕೊಂಡು, ಬಲಗೈ ಹೆಬ್ಬೆರಳಿನಿಂದ ಎದೆಯನ್ನು ಮೆಲ್ಲಗೆ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಏನೂ ಇಲ್ಲ. ನೆತ್ತಿಯಿಂದ ಕುತ್ತಿಗೆಯವರೆಗೆ ಗರಿಯೂ ಇರಲಿಲ್ಲ, ಚರ್ಮವೂ ಇರಲಿಲ್ಲ. ಅದನ್ನು ನೆಲದ ಮೇಲೆ ಆಗಲೇ ಸತ್ತಿದ್ದ ಇನ್ನೊಂದು ಗಂಡಿನ ಪಕ್ಕಕ್ಕಿಟ್ಟು, ಗೂಡಿನೊಳಗೆ ಕೈ ಹಾಕಿ ಮೂರನೆಯದನ್ನು ತೆಗೆದ. ಇದಕ್ಕೆ ಜೀವವಿತ್ತು, ಬಲಗಣ್ಣಿರಲಿಲ್ಲ. ಹೆಣ್ಣುಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಒತ್ತಿಕೊಂಡಿದ್ದವು. ನಾಲ್ಕೈದರ ಬೆನ್ನು ಬೋಳಾಗಿತ್ತು. ಒಂದು ಅಡಿಯಲ್ಲಿ ಸಿಕ್ಕಿ ಸತ್ತೇ ಹೋಗಿತ್ತು.

ಗೂಡಿನ ನಟ್ಟನಡುವೆ, ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಅವನ ಮೆಚ್ಚಿನ ಗಂಡು, ಹಾಡುಗಾರ, ನಿಂತಿತ್ತು. ಎದೆ ಉಬ್ಬಿಸಿಕೊಂಡಿತ್ತು. ಕೊಕ್ಕಿಗೆ ರಕ್ತ ಮೆತ್ತಿತ್ತು. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ, ಮುದುಕ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ್ದ. ಅಷ್ಟರಲ್ಲಿ ಇಷ್ಟೆಲ್ಲ ಆಗಿಹೋಗಿತ್ತು.

ಲಾವಕ್ಕಿಗಳು ಒಬಿಯೆರೊನವಲ್ಲ, ಸೊಸೆ ಪೆರೆಸ್‌ಳವು. ಮಗ ಮೊಂಬಾಸಾ ದಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಊರಿಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಎರಡು ವರ್ಷದ ಹಿಂದೆ ಉಕ್ವಾಲಾ ಸಂತೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ಮರಿ ತಂದ ಪೆರೆಸ್ ಈಗ ಮನೆಯ ಹಿಂಗೋಡೆಗೆ ಆನಿಸಿ ಉದ್ದಕ್ಕೆ ಗೂಡು ಕಟ್ಟಿ, ಅದರಲ್ಲಿ ಐದು ಕೋಣೆ ಮಾಡಿ, ಒಂದೊಂದಕ್ಕೂ ಒಂದು ಗಂಡು ಐದು ಹೆಣ್ಣು ಎಂದು ಬಿಟ್ಟಿದ್ದಳು. ಕೋಣೆಗಳ ನಡುವೆ ಹಲಗೆ ಹೊಡೆದಿದ್ದಳು, ಒಂದು ಗಂಡು ಇನ್ನೊಂದರ ಕಣ್ಣಿಗೆ ಬೀಳದ ಹಾಗೆ. ಹೆಣ್ಣುಗಳಿಗೆ ಬಚ್ಚಿಟ್ಟುಕೊಳ್ಳಲು ಮೂಲೆಯಲ್ಲಿ ಒಣಹುಲ್ಲಿನ ಕಟ್ಟು. ಮರಿಗಂಡುಗಳ ಎದೆ ಕೆಂಪಗಾಗುತ್ತಿದ್ದ ಹಾಗೆ ಅವುಗಳನ್ನು ಬೇರೆ ಮಾಡಿ, ಸಾಧು ಸ್ವಭಾವದ್ದನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಸಾರು ಮಾಡಿಬಿಡುತ್ತಿದ್ದಳು.

ಮಾವನಿಗೂ ಸೊಸೆಗೂ ಮಾತು ಬಂದದ್ದು ಈ ಸಾರಿನ ವಿಷಯಕ್ಕೇ.

"ಕೂಗೋ ಗಂಡನ್ನ ಯಾರಾದ್ರೂ ಕುಯ್ತಾರೇನಮ್ಮಾ?" ಎಂದು ಅವನು ಹೋದ ವಾರ ಕೇಳಿದ್ದ. ಪೆರೆಸ್ ಒಂದು ದಪ್ಪನೆಯ ಗಂಡನ್ನು ಕಾಲು ಹಿಡಿದು ತಲೆಕೆಳಗಾಗಿ ತರುತ್ತಿದ್ದಳು.

"ಇದು ಕೂಗೋದಷ್ಟೇ ಅಲ್ಲ ಮಾವಾ. ಹೆಣ್ಣುಗಳ ತಲೆಯನ್ನೆಲ್ಲ ಬೋಳಿಸಿ ಇಟ್ಟಿದೆ. ಪುಂಡ ನನ್ಮಗಂದು."

"ಕೊಡು ಇಲ್ಲಿ. ಗಂಟಲು ಕೇಳಿದ್ಯಾ ಅದರದ್ದು? ಇಂಥದ್ದನ್ನ ಸಾರು ಮಾಡಿದ್ರೆ ನನ್ನಪ್ಪ ಗೋರಿಯಿಂದ ಎದ್ದು ಬರ್ತಾನೆ."

ಅವಳು ನಕ್ಕು ಕೊಟ್ಟಿದ್ದಳು. ಕೊಡದೆ ಏನು ಮಾಡುತ್ತಾಳೆ? ಉಗೆನ್ಯಾ ಸೀಮೆಯಲ್ಲಿ ಲಾವಕ್ಕಿ ಒಬಿಯೆರೊ ಎಂದರೆ ಗೊತ್ತಿಲ್ಲದವರಿಲ್ಲ. ಪ್ರಾಯದಲ್ಲಿ ಅವನು ಜೋಳದ ಹೊಲದ ಅಂಚಿಗೆ ತೆಂಗಿನಮರದಷ್ಟು ಎತ್ತರದ ಕಂಬ ನೆಟ್ಟು, ಅದಕ್ಕೆ ಮೇಲಿಂದ ಕೆಳಗೆ ಹದಿನೆಂಟು ಬುಟ್ಟಿ ಕಟ್ಟುತ್ತಿದ್ದ. ಬುಟ್ಟಿಗೊಂದು ಗಂಡು ಲಾವಕ್ಕಿ. ನಸುಕಿನಲ್ಲಿ ಅವು ಒಂದಕ್ಕೊಂದು ಕೂಗು ಕೊಟ್ಟರೆ ಕಾಡು ಹಕ್ಕಿಗಳು ಗುಂಪುಗುಂಪಾಗಿ ಬಂದು ಕೆಳಗಿನ ಉರುಳಿಗೆ ಬೀಳುತ್ತಿದ್ದವು. ಅವನ ಒಂದು ಕೂಗುವ ಹಕ್ಕಿಗೆ ಬುಸಿಯಾದವರು ಹೋರಿಗರುವನ್ನೇ ಹೊಡೆದುಕೊಂಡು ಬಂದು ಕೊಟ್ಟಿದ್ದರು. ಆ ಹಕ್ಕಿಗಳನ್ನು ಅವನು ಅಣ್ಣತಮ್ಮಂದಿರು ಎನ್ನುತ್ತಿದ್ದ. ಒಂದು ಮಾತಾಡಿದರೆ ಇನ್ನೊಂದು ಉತ್ತರ ಕೊಡುತ್ತದೆ, ಒಂಟಿಯಾದರೆ ಕೊರಗಿ ಬಾಯಿ ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ನಲವತ್ತು ವರ್ಷ ಅವನು ಕೇಳಿದ್ದು ಜಗಳವನ್ನೇ. ನಡುವೆ ಬುಟ್ಟಿಯ ಕಡ್ಡಿ ಇದ್ದದ್ದರಿಂದ ಅದು ಹಾಡಿನ ಹಾಗೆ ಕೇಳಿತ್ತು.

ಬುಧವಾರ ಪೆರೆಸ್ ದೊಡ್ಡಪ್ಪನ ಮಣ್ಣಿಗೆಂದು ಗೆಮ್‌ಗೆ ಹೊರಟಾಗ ಹೇಳಿದ ಮಾತು ನೆಟ್ಟಗಿತ್ತು. "ಕಾಳು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ನೀರು ಬದಲಾಯಿಸಿ. ಹಲಗೆ ಮಾತ್ರ ಮುಟ್ಬೇಡಿ ಮಾವಾ. ನಿಮ್ಮ ಪುಂಡನ್ನ ಈ ಕಡೆ ತರ್ಲೇಬೇಡಿ, ವಾಸನೇನೂ ತೋರಿಸ್ಬೇಡಿ."

"ಲಾವಕ್ಕಿ ವಿಷ್ಯ ನಂಗೆ ಹೇಳ್ಕೊಡ್ತೀಯಾ ನೀನು?"

"ನಿಮ್ಮದು ಕಾಡಿನ ಹಕ್ಕಿ. ಇವು ಬೇರೆ ಜಾತಿ ಮಾವಾ. ಭಾನುವಾರ ಚರ್ಚಿನವರು ಬರ್ತಾರೆ, ಆ ಕೊನೇ ಕೋಣೆ ಸಂಸಾರ ಅವರಿಗೆ ಕೊಡ್ತೀನಿ ಅಂದಿದೀನಿ. ಮಾತು ಕೊಟ್ಟಾಗಿದೆ."

ಚರ್ಚಿನ ಅದೇ ಹೆಂಗಸರು ಎರಡು ವರ್ಷ ಅವಳನ್ನು ಹಕ್ಕಿಹುಚ್ಚಿ ಎಂದು ಆಡಿಕೊಂಡವರು. ಈಗ ತಾವಾಗಿಯೇ ಬಂದು, ನಮಗೂ ಒಂದು ಜೊತೆ ಕೊಡು, ನಮಗೂ ಕಲಿಸು ಎಂದಿದ್ದರು. ಕೊನೆಯ ಕೋಣೆಯ ಸಾಧು ಗಂಡನ್ನು ಪೆರೆಸ್ ಅವರಿಗೆಂದೇ ಆರಿಸಿ ಇಟ್ಟಿದ್ದಳು. ಈಗ ಒಬಿಯೆರೊನ ಕೈಯಲ್ಲಿ ತಣ್ಣಗಾದದ್ದು ಅದೇ.

ಸಾರಿನಿಂದ ಉಳಿಸಿಕೊಂಡ ಆ ಪುಂಡನಿಗೆ ಮುದುಕ ಹಾಡುಗಾರ ಎಂದು ಹೆಸರಿಟ್ಟು, ಸೂರಿಗೆ ಕಟ್ಟಿದ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದ. ಶುಕ್ರವಾರ ಬೆಳಿಗ್ಗೆ ಅದು ಕೂಗಿರಲಿಲ್ಲ. ಮಾತು ನಿಲ್ಲಿಸಿದ ಹಕ್ಕಿಗೆ ಇನ್ನೊಂದು ಹಕ್ಕಿಯನ್ನು ತೋರಿಸಬೇಕು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಬುಟ್ಟಿ ಹಿಡಿದುಕೊಂಡು ಮನೆಯ ಹಿಂದಕ್ಕೆ ಹೋದ. ಕೋಣೆಗಳ ನಡುವಿನ ಹಲಗೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಸೊಟ್ಟಗಾದದ್ದನ್ನು ಕಲ್ಲಿನ ಮೇಲೆ ತಟ್ಟಿ ನೆಟ್ಟಗೆ ಮಾಡಿ, ಒಂದು ಡಬ್ಬಿಯಲ್ಲಿ ಹಾಕಿಟ್ಟ. ಹಲಗೆಗಳನ್ನು ಗೋಡೆಗೆ ಒರಗಿಸಿದ. ಬುಟ್ಟಿಯ ಬಾಯಿ ಬಿಚ್ಚಿ ಹಾಡುಗಾರನನ್ನು ಗೂಡಿನೊಳಗೆ ಬಿಟ್ಟ. ಆರು ಗಂಡುಗಳೂ ಒಟ್ಟಿಗೆ ಕೂಗಿದವು. ಅಂಥ ಕೂಗನ್ನು ಅವನು ಹದಿನೈದು ವರ್ಷದಿಂದ ಕೇಳಿರಲಿಲ್ಲ. ಸ್ಟೂಲೆಳೆದು ಕೂತ, ಗೋಡೆಗೆ ತಲೆ ಆನಿಸಿದ, ಕಣ್ಣು ಮುಚ್ಚಿಕೊಂಡ. ಆಮೇಲೆ ಎಚ್ಚರ ಮಾಡಿಸಿದ್ದು ಸದ್ದಲ್ಲ, ಸದ್ದು ನಿಂತುಹೋದದ್ದು.

"ಏನ್ ಯಜಮಾನ್ರೇ, ಬೆಳಿಗ್ಗೆ ಅಷ್ಟು ಜೋರು ಮದುವೆ ನಡೀತಿತ್ತು, ಈಗ ಉಸಿರೇ ಇಲ್ಲ?"

ಕಳ್ಳಿಬೇಲಿಯ ಆಚೆ ಪಕ್ಕದ ಮನೆಯ ರಿಸ್ಪಾ ನಿಂತಿದ್ದಳು. ಗಂಡ ಸತ್ತು ಹತ್ತು ವರ್ಷವಾದರೂ ನಾಲಿಗೆ ಚುರುಕು ಕಳೆದುಕೊಳ್ಳದ ಹೆಂಗಸು. ಒಬಿಯೆರೊನ ಹೆಂಡತಿ ಬದುಕಿದ್ದಾಗ ಅವಳ ಜೀವದ ಗೆಳತಿ. ಅವನು ಉತ್ತರ ಕೊಡುವುದರೊಳಗೆ ಬೇಲಿಯ ಕಂಡಿಯಿಂದ ಅವಳ ನಾಯಿ ಅಸ್ಕಾರಿ ನುಗ್ಗಿ ಬಂದು, ನೆಲದ ಮೇಲಿದ್ದ ಸತ್ತ ಹಕ್ಕಿಯನ್ನು ಮೂಸಿ, ಬಾಯಲ್ಲಿ ಕಚ್ಚಿಕೊಂಡಿತು.

"ಅಯ್ಯೋ ದೇವ್ರೇ! ಅಸ್ಕಾರಿ! ಬಿಡೋ! ಬಿಡೋ ಮುಂಡೇದೆ!" ರಿಸ್ಪಾ ಲಂಗ ಎತ್ತಿಕಟ್ಟಿ ಬೇಲಿ ದಾಟಿಯೇ ಬಂದಳು. ಗೂಡನ್ನು ನೋಡಿದಳು, ನೆಲ ನೋಡಿದಳು, ಮುದುಕನ ಕೈಯ ರಕ್ತ ನೋಡಿದಳು. "ಎಲ್ಲಾ ಇದರದ್ದೇ ಕೆಲಸವಾ? ಪೆರೆಸ್ ಹಕ್ಕಿ... ಅಯ್ಯೋ, ಪೆರೆಸ್‌ಗೆ ನಾನು ಯಾವ ಮುಖ ತೋರಿಸ್ಲಿ?"

"ರಿಸ್ಪಾ, ಅದು..."

"ನೀವೇನೂ ಹೇಳ್ಬೇಡಿ. ನನ್ನ ಕಣ್ಣಾರೆ ನೋಡಿದ್ನಲ್ಲ."

ಅವನು ಬಾಯಿ ತೆರೆದ. ಅಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ಲಾವಕ್ಕಿ ಒಬಿಯೆರೊ ಲಾವಕ್ಕಿಗಳನ್ನು ಸಾಯಿಸಿದ ಎಂದು ಸಂತೆಯಲ್ಲಿ ಈ ಹೆಂಗಸು ಹೇಳುವ ಧಾಟಿ ಅವನಿಗೆ ಆಗಲೇ ಕೇಳಿಸಿತು. ಬಾಯಿ ಮುಚ್ಚಿಕೊಂಡ. ರಿಸ್ಪಾ ನಾಯಿಯ ಕುತ್ತಿಗೆಗೆ ಹೆಗಲ ಬಟ್ಟೆ ಸುತ್ತಿ ಎಳೆದುಕೊಂಡು ಹೋದಳು.

ಅವಳ ಅಂಗಳದಿಂದ ಒನಕೆಯ ಸದ್ದು ಬಂತು, ನಾಯಿಯ ಕೂಗು ಬಂತು. ಮತ್ತೆ ಒನಕೆ. ಒಬಿಯೆರೊ ಹಾಡುಗಾರನನ್ನು ಬುಟ್ಟಿಗೆ ಸೇರಿಸಿ, ಹಲಗೆಗಳನ್ನು ಮತ್ತೆ ಹೊಡೆಯುತ್ತಿದ್ದ. ಮೊಳೆ ಎರಡು ಸಲ ಜಾರಿತು. ಎದ್ದು ಬೇಲಿಯವರೆಗೆ ಹೋಗುವುದು ಇಪ್ಪತ್ತು ಹೆಜ್ಜೆ. ಹೋಗಲಿಲ್ಲ. ನಾಯಿ ಸುಮ್ಮನಾಗುವವರೆಗೂ ಸುತ್ತಿಗೆ ಹಿಡಿದು ಕೂತೇ ಇದ್ದ. ಆಗ ಅವನಿಗೆ ತನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಬಾಯಲ್ಲಿ ಬಂದ ಉಗುಳನ್ನು ನುಂಗುವುದಕ್ಕೂ ಹೇಸಿಗೆಯಾಯಿತು.

ಸಂಜೆ ಪೆರೆಸ್ ಫೋನ್ ಮಾಡಿದಳು. ಹಿಂದೆ ಅಳುವವರ ಸದ್ದಿತ್ತು. "ಊಟ ಮಾಡಿದ್ರಾ ಮಾವಾ? ಹಕ್ಕಿ ಹೇಗಿವೆ?"

"ಚೆನ್ನಾಗಿವೆ," ಎಂದ.

ಶನಿವಾರ ಮಧ್ಯಾಹ್ನ ಅವಳು ಬಂದಳು. ಅವಳು ಚೀಲ ಇಳಿಸುವುದರೊಳಗೆ ರಿಸ್ಪಾ ಬೇಲಿಯ ಬಳಿ ಹಾಜರಿದ್ದಳು. ಕಂಕುಳಲ್ಲಿ ಒಂದು ಕೆಂಪು ಹೇಂಟೆ, ಮೊಟ್ಟೆಯಿಡುವ ಹೇಂಟೆ, ಅವಳ ಹತ್ತಿರ ಇದ್ದದ್ದೇ ಮೂರು. ಅಳುತ್ತಲೇ ಎಲ್ಲ ಹೇಳಿದಳು. "ನನ್ನ ನಾಯಿ ನಿನ್ನ ಮನೆ ಹಾಳು ಮಾಡ್ತು ಪೆರೆಸ್. ಇದನ್ನ ತಗೋ. ಸಾಲಲ್ಲ ಅಂತ ಗೊತ್ತು. ತಗೋ."

ಪೆರೆಸ್ ಹೇಂಟೆ ತೆಗೆದುಕೊಳ್ಳಲಿಲ್ಲ. ಮನೆಯ ಹಿಂದಕ್ಕೆ ಹೋದಳು. ಒಬಿಯೆರೊ ಕಣಜದ ನೆರಳಿನಲ್ಲಿ ನಿಂತು ನೋಡುತ್ತಿದ್ದ. ಅವಳು ಹಕ್ಕಿಗಳನ್ನು ಒಂದೊಂದಾಗಿ ಎತ್ತಿ ತಲೆ ತಿರುಗಿಸಿ ನೋಡಿದಳು. ಗಾಯವೆಲ್ಲ ನೆತ್ತಿಯಲ್ಲೇ, ಕಣ್ಣಿನ ಸುತ್ತಲೇ ಇತ್ತು. ಎದ್ದು ಹಲಗೆಗಳನ್ನು ನೋಡಿದಳು. ಎರಡು ವರ್ಷ ಹಿಕ್ಕೆ ಮೆತ್ತಿದ್ದ ಬದಿ ಈಗ ಕೆಲವು ಕಡೆ ತಿರುವುಮುರುವಾಗಿತ್ತು; ಮೊಳೆಯ ತಲೆಗಳು ಹೊಸದಾಗಿ ಬಡಿದು ಹೊಳೆಯುತ್ತಿದ್ದವು. ನಾಯಿ ಹಲಗೆ ಕಿತ್ತು ಮತ್ತೆ ಹೊಡೆಯುವುದಿಲ್ಲ. ಅವಳ ಕಣ್ಣು ಅಲ್ಲಿಂದ ಸೂರಿಗೆ ಕಟ್ಟಿದ ಬುಟ್ಟಿಯ ಕಡೆ ಹೋಯಿತು, ಅಲ್ಲಿಂದ ಮಾವನ ಕಡೆ ಬಂತು, ಬಂದಷ್ಟೇ ಬೇಗ ಬೇರೆ ಕಡೆ ಹೋಯಿತು.

"ನಾಯಿ ಅಲ್ಲ ಅತ್ತೆ," ಎಂದಳು ರಿಸ್ಪಾಗೆ. "ನಾಯಿಯಾಗಿದ್ರೆ ಗೂಡು ಮುರೀತಿತ್ತು. ಪಾಪ, ಬಿದ್ದಿದ್ದನ್ನ ಬಾಯಿಗೆ ಹಾಕಿದೆ ಅಷ್ಟೆ. ಇದು ಮುಂಗುಸಿ ಕೆಲಸ."

"ಮುಂಗುಸಿನಾ?"

"ಮುಂಗುಸಿನೇ."

ಅವಳ ದನಿ ಸಪಾಟಾಗಿತ್ತು. ಮಾವನ ಮಾನ ಉಳಿಸಲು ಸೊಸೆ ಸುಳ್ಳು ಹೇಳಿದಳು, ಅದನ್ನು ಅವನ ಮುಖಕ್ಕೆ ಎತ್ತಿ ಹಿಡಿಯಲೂ ಇಲ್ಲ. ಬೈದಿದ್ದರೆ ಒಬಿಯೆರೊನಿಗೆ ಎಷ್ಟೋ ಹಗುರವಾಗುತ್ತಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದುಕೊಂಡು ನಿಂತಿದ್ದಾಗ ರಿಸ್ಪಾ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ಹಂಗಾದ್ರೆ ಇನ್ನೇನ್ ಯೋಚ್ನೆ? ಮನೇಲೇ ಇದಾರಲ್ಲ ಉಗೆನ್ಯಾದ ದೊಡ್ಡ ಬೇಟೆಗಾರ್ರು. ಒಂದು ಬೋನು ಹೆಣೀರಿ ಯಜಮಾನ್ರೇ, ಕಳ್ಳ ನಾಳೆ ಬೆಳಿಗ್ಗೆಗೆ ಒಳಗಿರ್ತಾನೆ."

ಹೆಣೆಯದೆ ವಿಧಿಯಿರಲಿಲ್ಲ. ಇಲ್ಲದ ಕಳ್ಳನಿಗೆ ಬೋನು. ಕತ್ತಾಳೆ ನಾರು ತಂದರು, ಬಿದಿರ ಕಡ್ಡಿ ತಂದರು. ಸುದ್ದಿ ಕೇಳಿ ಅಕ್ಕಪಕ್ಕದ ನಾಲ್ಕು ಜನ ಬಂದು ಸುತ್ತ ಕೂತರು. ಅವನ ಬೆರಳುಗಳಿಗೆ ಹಳೆಯ ಕೆಲಸ ಮರೆತಿರಲಿಲ್ಲ. ಹೆಣಿಗೆ ಬಿಗಿಯಾಗಿ, ಒಂದೇ ಅಳತೆಯಲ್ಲಿ ಬೀಳುತ್ತಿತ್ತು. "ನೋಡ್ರೋ ಕೈನ," ಎಂದ ಒಬ್ಬ. "ಎಪ್ಪತ್ನಾಲ್ಕಾಯ್ತು, ಒಂದು ಗಂಟು ತಪ್ಪಲ್ಲ." ಪೆರೆಸ್ ಎಲ್ಲರಿಗೂ ಚಹಾ ತಂದಳು. ಮಾವನ ಲೋಟವನ್ನು ಎಂದಿನಂತೆ ಎರಡೂ ಕೈಯಲ್ಲಿ, ಮಂಡಿ ಬಗ್ಗಿಸಿ ಕೊಟ್ಟಳು. ಅವನು ಅದನ್ನು ಮುಟ್ಟಲಿಲ್ಲ, ಕೆನೆ ಕಟ್ಟಿ ತಣ್ಣಗಾಯಿತು.

ಸೂರಿನ ಬುಟ್ಟಿಯಲ್ಲಿ ಹಾಡುಗಾರ ಕೂಗುತ್ತಲೇ ಇತ್ತು. ಶುಕ್ರವಾರದಿಂದ ಅದಕ್ಕೆ ಗಂಟಲು ತೆರೆದುಕೊಂಡಿತ್ತು. "ಎಂಥಾ ದನಿ! ಇದೊಂದು ಉಳೀತಲ್ಲ, ಪುಣ್ಯ," ಎಂದು ಯಾರೋ ಹೇಳಿದರು.

ಭಾನುವಾರ ಎಲ್ಲರೂ ಚರ್ಚಿಗೆ ಹೋದರು. ಒಬಿಯೆರೊ ಸೊಂಟನೋವೆಂದು ಹೇಳಿ ಹೋಗಲಿಲ್ಲ. ಹತ್ತೂವರೆಯ ಹೊತ್ತಿಗೆ ಗೂಡಿನ ಬಳಿ ಏನೋ ಕಟಕಟ ಸದ್ದಾಯಿತು. ಹೋಗಿ ನೋಡಿದರೆ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ಮುಂಗುಸಿ. ಸಣ್ಣದು, ಕಂದು ಬಣ್ಣ, ಬಾಲದ ತುದಿ ಕಪ್ಪು. ಬೋನಿಗಿಟ್ಟ ಮೊಟ್ಟೆಯನ್ನು ಒಡೆದು ತಿಂದು ಮುಗಿಸಿ, ಕಡ್ಡಿಗಳ ನಡುವೆ ಮೂತಿ ತೂರಿಸಿ ಅವನನ್ನೇ ನೋಡುತ್ತಿತ್ತು. ಮೂತಿಗೆ ಹಳದಿ ಮೆತ್ತಿತ್ತು.

"ಯಾಕೋ ಬಂದೆ?" ಎಂದ ಒಬಿಯೆರೊ. "ಬೇರೆ ಊರೇ ಸಿಗಲಿಲ್ವಾ ನಿಂಗೆ?"

ಬಿಟ್ಟುಬಿಡಬೇಕೆಂದು ಕೈ ಚಾಚಿದ. ಅಷ್ಟರಲ್ಲಿ ಹಾಡಿನ ಸದ್ದು ಬಂತು. ಚರ್ಚಿನ ಹೆಂಗಸರು ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಬುಟ್ಟಿ ಹಿಡಿದುಕೊಂಡು ದಾರಿಯಿಂದಲೇ ಹಾಡುತ್ತ ಬರುತ್ತಿದ್ದರು. ಏಳೆಂಟು ಜನ. ಮುಂದೆ ಅವರ ಹಿರಿಯಳು ಯುಕಬೆತ್, ಹಿಂದೆ ತಲೆ ತಗ್ಗಿಸಿಕೊಂಡು ಪೆರೆಸ್. ದಾರಿಯಲ್ಲೇ ಅವಳು ಹೇಳಿರಬೇಕು; ಆದರೂ ಅವರು ಬಂದಿದ್ದರು, ಹೇಳಿದ ಮಾತಿಗೆ ತಪ್ಪಿದವಳ ಗೂಡನ್ನು ಒಮ್ಮೆ ನೋಡಿಹೋಗಲು.

ಬೋನು ಮೊದಲು ಕಂಡದ್ದು ಅವರ ಜೊತೆಯಲ್ಲೇ ಬಂದಿದ್ದ ರಿಸ್ಪಾಗೆ. "ಸಿಕ್ತು! ಸಿಕ್ತು ಕಣ್ರೇ ಕಳ್ಳ! ನಾನು ಹೇಳ್ಲಿಲ್ವಾ?" ಎಂದು ಕೂಗಿ, ಓಡಿಹೋಗಿ ಒನಕೆ ತಂದಳು. ಹೆಂಗಸರು ಹಬ್ಬದ ದಿನದ ಹಾಗೆ ನಾಲಿಗೆಯಾಡಿಸಿ ಉಲುಲು ಎಂದು ಕೂಗಿದರು. ಯುಕಬೆತ್ ಮುದುಕನ ಕೈ ಹಿಡಿದು ಕುಲುಕಿದಳು. "ನಿಮ್ಮಂಥವರು ಒಬ್ರು ಮನೇಲಿದ್ರೆ ಸಾಕಪ್ಪಾ. ಪೆರೆಸ್ ಪುಣ್ಯ ಮಾಡಿದ್ಲು." ಅವನು ಪೆರೆಸ್‌ಳನ್ನು ನೋಡಿದ. ಅವಳು ಮುಂಗುಸಿಯನ್ನು ನೋಡುತ್ತಿದ್ದಳು.

ರಿಸ್ಪಾ ಬೋನಿನ ಮೇಲೆ ಕಾಲಿಟ್ಟು ಒನಕೆ ಎತ್ತಿದಳು. "ನಿನ್ನಿಂದ ನನ್ನ ನಾಯಿ ಕಾಲು ಮುರೀತಲ್ಲೋ, ದರಿದ್ರದ್ದೇ!"

"ನಿಲ್ಸು," ಎಂದ ಒಬಿಯೆರೊ.

ದನಿ ಹೊರಟಿತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಮತ್ತೆ ಹೇಳಿದ, "ನಿಲ್ಸು ರಿಸ್ಪಾ. ಅದು ಮಾಡಿದ್ದಲ್ಲ."

"ಅದಲ್ದೆ ಮತ್ಯಾರು?"

"ನಾನು."

ರಿಸ್ಪಾ ನಕ್ಕಳು. ಅವನು ನಗಲಿಲ್ಲ. ಆಗ ಅವಳ ನಗು ಅರ್ಧಕ್ಕೇ ನಿಂತಿತು.

"ಹಲಗೆ ಕಿತ್ತವನು ನಾನು. ಆ ಪುಂಡನ್ನ ಒಳಗೆ ಬಿಟ್ಟವನೂ ನಾನೇ. ಎಲ್ಲಾ ಸೇರಿ ಕೂಗ್ಲಿ, ಕೇಳೋಣ ಅಂತ. ಬಿಟ್ಟು ನಿದ್ದೆ ಹೊಡೆದೆ. ಅವು ಕಚ್ಚಾಡ್ಕೊಂಡು ಸತ್ವು. ನಿನ್ನ ನಾಯಿ ಆಮೇಲೆ ಬಂದಿದ್ದು. ನೀನು ಅದನ್ನ ಹೊಡೀತಿದ್ದಾಗ ನಂಗೆ ಕೇಳಿಸ್ತಿತ್ತು. ಕೇಳಿಸ್ಕೊಂಡು ಕೂತಿದ್ದೆ."

ಹಿಂದಿನ ಸಾಲಿನಿಂದ ಒಬ್ಬಳು, "ಲಾವಕ್ಕಿ ಒಬಿಯೆರೊ ಅಂತೆ!" ಎಂದು ಪಿಸುಗುಟ್ಟಿ ಕಿಸಕ್ಕೆಂದಳು, ಪಕ್ಕದವಳು ತಿವಿದು ಸುಮ್ಮನಾಗಿಸಿದಳು. ಈ ನಗುವನ್ನು ಮುದುಕ ಎರಡು ದಿನದಿಂದ ಎದುರು ನೋಡಿದ್ದ. ಅದರ ಹಿಂದೆ ಬಂದದ್ದನ್ನು ಎದುರು ನೋಡಿರಲಿಲ್ಲ.

ಯುಕಬೆತ್ ನಿಧಾನವಾಗಿ ಪೆರೆಸ್ ಕಡೆ ತಿರುಗಿದಳು. "ಮುಂಗುಸಿ ಅಂತ ನೀನೇ ಅಲ್ವಾ ನಮಗೆ ದಾರೀಲಿ ಹೇಳಿದ್ದು? ಈಗ ತಾನೆ ಚರ್ಚಿಂದ ಎದ್ದು ಬಂದು?"

ಎಲ್ಲರ ಕಣ್ಣೂ ಪೆರೆಸ್ ಮೇಲೆ ಬಿತ್ತು. ಸತ್ಯ ಹೇಳಿ ಮುಗಿಸಿದೆ ಎಂದುಕೊಂಡಿದ್ದ ಒಬಿಯೆರೊನಿಗೆ ಆಗ ಹೊಳೆಯಿತು, ತನ್ನನ್ನು ಮುಚ್ಚಿದವಳ ಮೈಮೇಲಿನ ಬಟ್ಟೆಯನ್ನೇ ತಾನು ಜನರೆದುರು ಎಳೆದುಬಿಟ್ಟಿದ್ದೇನೆ ಎಂದು. ಹಕ್ಕಿ ಹೋದರೆ ಮತ್ತೆ ಸಾಕಬಹುದು. ಸುಳ್ಳುಬುರುಕಿ ಎಂಬ ಹೆಸರು ಬಿದ್ದರೆ ಈ ಹೆಂಗಸರು ಅವಳ ಮನೆ ಕಡೆ ಇನ್ನು ತಲೆ ಹಾಕುವುದಿಲ್ಲ.

"ಅವಳಿಗೇನ್ ಗೊತ್ತು?" ಎಂದ, ಈ ಸಲ ಗಟ್ಟಿಯಾಗಿ. "ಅವಳು ಊರಲ್ಲೇ ಇರ್ಲಿಲ್ಲ. ಮುಂಗುಸಿ ಅಂತ ನಾನೇ ಅವಳಿಗೆ ಹೇಳಿದ್ದು. ಮಾವ ಹೇಳಿದ್ನಲ್ಲಾ ಅಂತ ನಂಬಿದ್ಲು."

ಸುಳ್ಳೆಂದು ಗೊತ್ತಿದ್ದವಳು ಅಲ್ಲಿ ಇನ್ನೊಬ್ಬಳಿದ್ದಳು. ರಿಸ್ಪಾ ಒನಕೆ ಇಳಿಸಿ, ಅದಕ್ಕೆ ಎರಡೂ ಕೈ ಊರಿ ನಿಂತಿದ್ದಳು. ಯುಕಬೆತ್ ಅವಳ ಮುಖ ನೋಡಿದಳು.

"ಹೌದು," ಎಂದಳು ರಿಸ್ಪಾ. "ಇವರೇ ಅಂದಿದ್ದು. ನಾನೂ ಇಲ್ಲೇ ಇದ್ದೆ."

ಆಮೇಲೆ ಬೋನಿನ ಬಾಗಿಲನ್ನು ಕಾಲಿನಿಂದಲೇ ಎತ್ತಿದಳು. ಮುಂಗುಸಿ ಹೆಂಗಸರ ಕಾಲುಗಳ ನಡುವೆ ನುಸುಳಿ ಕಳ್ಳಿಬೇಲಿಯೊಳಗೆ ಮಾಯವಾಯಿತು. ರಿಸ್ಪಾ ಅದರ ಹಿಂದೆಯೇ ತನ್ನ ಅಂಗಳಕ್ಕೆ ಹೋದಳು. ಒಬಿಯೆರೊನ ಕಡೆ ತಿರುಗಿ ಕೂಡ ನೋಡಲಿಲ್ಲ. ಅಲ್ಲಿಂದ ಹಗ್ಗ ಬಿಚ್ಚುವ ಸದ್ದು, ತಟ್ಟೆ ಇಡುವ ಸದ್ದು, "ತಿನ್ನು, ತಿನ್ನಪ್ಪಾ" ಎಂಬ ಮಾತು ಕೇಳಿಸಿತು. ಚರ್ಚಿನವರು ಖಾಲಿ ಬುಟ್ಟಿ ಹಿಡಿದುಕೊಂಡು ಹೊರಟರು. ಹೋಗುವಾಗ ಯುಕಬೆತ್ ಪೆರೆಸ್ ಭುಜ ಮುಟ್ಟಿ, "ಮರಿ ಮಾಡು. ಮೂರು ತಿಂಗಳು ಬಿಟ್ಟು ಬರ್ತೀವಿ," ಎಂದಳು. ಒಬಿಯೆರೊನಿಗೆ ಯಾರೂ ಏನೂ ಹೇಳಲಿಲ್ಲ.

ಹೊತ್ತು ಇಳಿಯುವಾಗ ಅವನು ಕೆಮ್ಮಿಕೊಂಡು ಮನೆಯ ಹಿಂದಕ್ಕೆ ಹೋದ. ಸೊಸೆಯ ಬಾಗಿಲ ಕಡೆ ಹೋಗುವಾಗ ಮಾವನಾದವನು ಕೆಮ್ಮಬೇಕು; ಇವತ್ತು ಕೆಮ್ಮಲೂ ನಾಚಿಕೆಯಾಯಿತು. ಪೆರೆಸ್ ಗೂಡಿನೆದುರು ಕೂತು, ಹಕ್ಕಿಗಳ ಗಾಯಕ್ಕೆ ನೇರಳೆ ಬಣ್ಣದ ಔಷಧಿ ಹಚ್ಚುತ್ತಿದ್ದಳು. ಕೆಂಪು ಕಂಡರೆ ಮಿಕ್ಕ ಹಕ್ಕಿಗಳು ಮತ್ತೆ ಅಲ್ಲೇ ಕುಟುಕುತ್ತವೆ. ನೇರಳೆ ಕೆಂಪನ್ನು ಮುಚ್ಚುತ್ತದೆ. ಅವಳ ಬೆರಳೆಲ್ಲ ನೇರಳೆಯಾಗಿತ್ತು.

"ಎರಡು ವರ್ಷ ಮಾವಾ," ಎಂದಳು, ತಲೆ ಎತ್ತದೆ. "ಎರಡು ವರ್ಷ ಜನ ನಕ್ಕಿದ್ದನ್ನ ನುಂಗ್ಕೊಂಡು ಮಾಡಿದ್ದು. ಮುಟ್ಬೇಡಿ ಅಂದಿದ್ದೆ."

"ಹೌದು."

"ಫೋನಲ್ಲಿ ಚೆನ್ನಾಗಿವೆ ಅಂದ್ರಿ."

"ಹೌದಮ್ಮಾ."

ಅವಳು ಒಕ್ಕಣ್ಣಿನ ಗಂಡನ್ನು ಕೋಣೆಯೊಳಗೆ ಬಿಟ್ಟು ಅಗಳಿ ಹಾಕಿದಳು. ಅಳುತ್ತಿದ್ದಾಳೇನೋ ಎಂದು ಅವನಿಗನ್ನಿಸಿತು. ಅತ್ತ ನೋಡುವ ಧೈರ್ಯವಾಗಲಿಲ್ಲ. ಅವಳು ಔಷಧಿ ಬಾಟಲಿಯ ಮುಚ್ಚಳ ಹಾಕಿ ಕೇಳಿದಳು, "ನಿಮ್ಮ ಪುಂಡನ್ನ ಏನ್ ಮಾಡ್ತೀರಿ?"

"ನೀನ್ ಹೇಳ್ದಂಗೆ."

"ನಾನ್ ಹೇಳೋದು ಹೋದ ವಾರನೇ ಹೇಳಿದ್ದೆ. ಅದು ಇಲ್ಲಿ ಕೂಗ್ತಿದ್ರೆ ಉಳಿದ ಈ ಮೂರು ಗಂಡಿಗೂ ತಲೆ ಕೆಡುತ್ತೆ. ಕಚ್ಚೋದು ನಿಲ್ಸಲ್ಲ."

"ನಾಳೆ ಬೆಳಿಗ್ಗೆ..."

"ಇವತ್ತು," ಎಂದಳು ಪೆರೆಸ್. ಒಳಗೆ ಹೋಗಿ ಸಣ್ಣ ಚಾಕು, ಒಂದು ಬೋಗುಣಿ ಬಿಸಿನೀರು ತಂದು ಅವನ ಸ್ಟೂಲಿನ ಪಕ್ಕ ಇಟ್ಟಳು. "ನೀವೇ ಮಾಡಿ. ನಿಮ್ಮ ಹಕ್ಕಿ."

ಅವನು ಸೂರಿನಿಂದ ಬುಟ್ಟಿ ಇಳಿಸಿದ. ಈ ಎಪ್ಪತ್ನಾಲ್ಕು ವರ್ಷದಲ್ಲಿ ಕೂಗುವ ಹಕ್ಕಿಯೊಂದನ್ನೂ ಅವನ ಕೈ ಕೊಂದಿರಲಿಲ್ಲ. ಹಾಡುಗಾರ ಕೈಗೆ ಬಂತು; ಹೆದರಲಿಲ್ಲ, ಒದರಾಡಲಿಲ್ಲ, ಅವನ ಕೈ ಅದಕ್ಕೆ ಅಭ್ಯಾಸವಾಗಿತ್ತು. ಅವನು ಸ್ಟೂಲಿನ ಮೇಲೆ ಕೂತು ಅದನ್ನು ಮಂಡಿಗಳ ನಡುವೆ ಹಿಡಿದು, ಹೆಬ್ಬೆರಳಿನಿಂದ ಕುತ್ತಿಗೆಯ ಗರಿ ಬಿಡಿಸಿ, ಚಾಕು ತೆಗೆದುಕೊಂಡ.

ಬೆರಳಿನಡಿಯಲ್ಲಿ ಗಂಟಲು ಉಬ್ಬಿತು. ಹಕ್ಕಿ ಕತ್ತು ನೀಡಿ, ಅವನ ಕೈಯೊಳಗಿಂದಲೇ, ಪೂರ್ತಿ ಎದೆಯಿಂದ ಕೂಗಿತು. ಗೂಡಿನಿಂದ ಒಕ್ಕಣ್ಣಿನದು ಉತ್ತರ ಕೊಟ್ಟಿತು. ಹಾಡುಗಾರ ಮತ್ತೆ ಕೂಗಿತು.

ಒಬಿಯೆರೊ ಚಾಕು ಹಿಡಿದ ಕೈಯನ್ನು ತೊಡೆಯ ಮೇಲಿಟ್ಟು, ಕೂಗು ಮುಗಿಯಲೆಂದು ಕಾದ.